ಬಿಲಾಯತಿ ದಾರದ ಮೇಲೆ ನನ್ನ ದಾವೆ

ನನಗೆ ಮೋಸ ಮಾಡುವಂಥ ದಾರವನ್ನು ಈ ಭೂಮಿಯ ಮೇಲೆ ಇನ್ನೂ ಯಾರೂ ನೂತಿಲ್ಲ! ಕಳೆದ ವಾರ ನಡುಮನೆಯಲ್ಲಿ ನಿಂತು ಹೀಗೆಂದು ಘೋಷಿಸಿದವಳು ನಾನೇ. ಕೇಳಿದವರು ಮೂವರು. ಜೋಳ ಹಸನು ಮಾಡುತ್ತಿದ್ದ ನಮ್ಮತ್ತೆ ತುಳಜಾಬಾಯಿ ಮೊರದಿಂದ ತಲೆ ಎತ್ತಲಿಲ್ಲ. ನಾಲ್ಕು ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ನಾದಿನಿ ಗೌರಾಬಾಯಿ, ಹೊಳೆಯಲ್ಲಿ ಸಿಕ್ಕವಳು ದಂಡೆಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಮೂರನೆಯವನು ನನ್ನ ಮಗ, ಒಂದು ವರ್ಷದ ಬೀರಲಿಂಗಪ್ಪ. ಅವನೊಬ್ಬನೇ ಚಪ್ಪಾಳೆ ತಟ್ಟಿದ.

ಮಗನಿಗೆ ತೀರಿಹೋದ ಮಾವನವರ ಹೆಸರಿಟ್ಟಿದ್ದೇವೆ. ಗಂಡನ ಹೆಸರನ್ನು ಬಾಯಲ್ಲಿ ತರುವಂತಿಲ್ಲವಲ್ಲ, ಆದ್ದರಿಂದ ನಮ್ಮತ್ತೆಗೆ ಮೊಮ್ಮಗ ಯಾವಾಗಲೂ ‘ಅವರು’. "ನೋಡಬೇ, ಅವರು ಕಂಬಳಿ ಮ್ಯಾಲ ಉಚ್ಚಿ ಹೊಯ್ದಾರ!" ಎಂದು ಕೂಗುವಾಗಲೂ ತಲೆಯ ಮೇಲಿನ ಸೆರಗನ್ನು ಸರಿ ಮಾಡಿಕೊಳ್ಳುತ್ತಾರೆ.

ನನ್ನ ಘೋಷಣೆಗೆ ಕಾರಣವಿತ್ತು. ಶುಕ್ರವಾರ ಗೌರಾಬಾಯಿ ಕೂಸನ್ನು ಎತ್ತಿಕೊಂಡು ಜೇವರ್ಗಿಗೆ, ಗಂಡನ ಮನೆಗೆ ಹೊರಡಬೇಕು. ಚೊಚ್ಚಲ ಕೂಸಿನ ಜೊತೆ ತವರಿನಿಂದ ಕುಂಚಿಗೆ ಹೋಗಬೇಕು. ತಲೆಯಿಂದ ಬೆನ್ನಿನವರೆಗೆ ಇಳಿಯುವ ಆ ಟೊಪ್ಪಿಗೆ ಇಲ್ಲದೆ ಕೂಸು ಹೊಸ್ತಿಲು ದಾಟುವಂತಿಲ್ಲ. ಹೊಸ್ತಿಲಿನ ಆಚೆ ನಿಂತಿರುವವರು ಯಾರು? ಗೌರಾಬಾಯಿಯ ಅತ್ತೆ, ನಮ್ಮ ಬೀಗತಿ ಹಣಮವ್ವ! ಜಗತ್ತಿನ ಜನರೆಲ್ಲ ಕಸೂತಿಯನ್ನು ಮುಂದಿನಿಂದ ನೋಡಿದರೆ, ಹಣಮವ್ವ ತಿರುವಿ ಹಾಕಿ ಹಿಂದಿನಿಂದ ನೋಡುವವರು. ಗಂಟು ಎಲ್ಲಿದೆ, ದಾರ ಎಲ್ಲಿ ಅಡ್ಡ ಹಾದಿದೆ ಎಂದು ಹುಡುಕಿ ತೆಗೆಯುವವರು.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಗೌರಾಬಾಯಿಯ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆಂದು ಹೋದ ವರ್ಷ ನಾವು ಕಳಿಸಿದ ಕುಪ್ಪಸಕ್ಕೆ ಸಂತೆಯ ದಾರದಲ್ಲಿ ಗಿಳಿ ಹಾಕಿದವಳು ನಾನು. ಮೊದಲ ಬೆವರಿಗೇ ಗಿಳಿಯ ಹಸಿರೆಲ್ಲ ಬಸುರಿಯ ತೋಳಿಗೆ ಇಳಿಯಿತು. ಅಂದಿನಿಂದ ಹಣಮವ್ವ ಸೊಸೆಯನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. "ಏ ಹಸರು ತೋಳಿನಾಕಿ, ನೀರು ತಾ!" ಕೂಸನ್ನು ನೋಡಲು ಇಲ್ಲಿಗೆ ಬಂದಾಗಲೂ ಅದೇ ಮಾತು. ಆ ಗಿಳಿಗಳನ್ನು ಹಾಕಿದವರು ಯಾರೆಂದು ಗೌರಾಬಾಯಿ ಅಲ್ಲಿ ಬಾಯಿ ಬಿಟ್ಟಿಲ್ಲ.

"ಈ ಸಲಾನೂ ಹಂಗೇ ಆದ್ರ ವೈನಿ," ಎಂದಳು ಅವಳು ಮೆಲ್ಲಗೆ, "ನಾ ಆ ಮನ್ಯಾಗ ಹ್ಯಾಂಗ ಮಾರಿ ಎತ್ತಲಿ?"

ಅದಕ್ಕೇ ಘೋಷಣೆ.

ಅಷ್ಟರಲ್ಲಿ ಖುರ್ಷಿದಬೇಗಂ ತಮ್ಮ ತಗಡಿನ ಪೆಟ್ಟಿಗೆಯೊಂದಿಗೆ ಬಂದರು. ಗಂಡ ತೀರಿದ ಮೇಲೆ ಸೊಲ್ಲಾಪುರದಿಂದ ದಾರ ತರಿಸಿ ಮನೆಮನೆಗೆ ಮಾರಿ ಬದುಕುವವರು. ಬಾಜಾರಿಗೆ ಕಾಲಿಡದ ನಮ್ಮ ಆಳಂದದ ಹೆಂಗಸರಿಗೆಲ್ಲ ಆ ಪೆಟ್ಟಿಗೆಯೇ ಬಾಜಾರು. ಅದಕ್ಕೆ ಎರಡು ಖಾನೆ. ಎಡಗಡೆ ಸಂತೆಯ ದಾರ: ಒಂದು ಕಡೆ ಹಗ್ಗದಷ್ಟು ದಪ್ಪ, ಒಂದು ಕಡೆ ಜೇಡನ ಬಲೆಯಷ್ಟು ಸಣ್ಣ, ಮೈತುಂಬ ಜುಂಗು. ಬಲಗಡೆ ಹಡಗಿನಲ್ಲಿ ಪರದೇಶದಿಂದ ಬಂದ ಬಿಲಾಯತಿ.

ಓದುಗರೇ, ನಾನು ಆ ಬಲಗಡೆಯನ್ನು ನೋಡಿದೆ. ನೋಡುತ್ತಲೇ ಇದ್ದೆ. ಸುತ್ತಿಟ್ಟ ದಾರದ ಒಂದೊಂದು ಲಡಿಯ ಸೊಂಟಕ್ಕೂ ಬಂಗಾರದ ಅಕ್ಷರದ ಕಾಗದದ ಪಟ್ಟಿ. ಕೆಂಪು ಎಂದರೆ ಬರೀ ಕೆಂಪಲ್ಲ; ಒಡೆದ ದಾಳಿಂಬೆಯೊಳಗೆ ದೀಪ ಇಟ್ಟ ಹಾಗೆ! ಒಂದು ಎಳೆಯನ್ನು ಬಿಡಿಸಿದರೆ ಆರು ಎಳೆ. ಆರೂ ಅಕ್ಕತಂಗಿಯರ ಹಾಗೆ ಸಮಸಮ. ಮುಟ್ಟಲು ಕೈ ಚಾಚಿದವಳು ಮೊದಲು ಆ ಕೈಯನ್ನು ಸೀರೆಗೆ ಒರೆಸಿಕೊಂಡೆ.

"ಎಡಗಡೀದು ಕಚ್ಚಾ ರಂಗು, ಬೇಟಿ. ನಾ ಸುಳ್ಳು ಹೇಳಂಗಿಲ್ಲ," ಎಂದರು ಖುರ್ಷಿದಬೇಗಂ. "ಬಲಗಡೀದು ಪಕ್ಕಾ. ಬಣ್ಣ ಬಿಟ್ರ ಈ ಪೆಟಗಿ ಒಲಿಗೆ ಹಾಕ್ತೇನಿ."

"ಎಷ್ಟಕ್ಕ, ಖಾಲಾ?"

ಬೆಲೆ ಕೇಳಿ ನಮ್ಮತ್ತೆಯ ಮೊರ ನಿಂತಿತು. ಸಂತೆಯ ದಾರದ ಐದು ಪಟ್ಟು! ಅದೂ ನಮ್ಮ ನಿಜಾಮರ ಹಾಲಿ ಸಿಕ್ಕಾದಲ್ಲಿ ಅಲ್ಲ, ಅದಕ್ಕಿಂತ ತೂಕದ ಇಂಗ್ರೇಜಿ ಕಲ್ದಾರದಲ್ಲಿ!

"ಕೂಸು ಮೂರು ತಿಂಗಳಿಗೆ ಬೆಳೀತದ, ಕುಂಚಗಿ ಗಿಡ್ಡ ಆಗ್ತದ," ಎಂದರು ಅತ್ತೆ. ಆಮೇಲೆ ತಾವೇ ಒಂದು ರಾಜಿ ಸೂತ್ರ ಕೊಟ್ಟರು. "ಹಿಂಗ ಮಾಡಬೇ. ಕಾಣೂ ಕಡಿ ಬಿಲಾಯತಿ ಹಾಕು, ಕಾಣದ ಕಡಿ ಸಂತೀದು ಹಾಕು."

"ಅತ್ತಿ, ಹಣಮವ್ವನವರಿಗೆ ಕಾಣದ ಕಡಿ ಅಂದ್ರ ಯಾವುದ್ರಿ?"

ಅತ್ತೆ ಒಂದು ಗಳಿಗೆ ಯೋಚಿಸಿದರು. "ಇಲ್ಲ," ಎಂದು ಒಪ್ಪಿಕೊಂಡು ಮೊರ ಎತ್ತಿದರು.

ಬೆಣ್ಣೆ ಮಾರಿ ಕೂಡಿಸಿದ್ದ ಗಂಟನ್ನು ಬಿಚ್ಚಿ ಬಿಲಾಯತಿಯನ್ನೇ ತೆಗೆದುಕೊಂಡೆ. ಸಂಜೆ ತಹಸೀಲ ಕಚೇರಿಯಿಂದ ಬಂದ ನಮ್ಮ ಮನೆಯವರು ಲಡಿಯನ್ನು ಬೆರಳಲ್ಲಿ ಎತ್ತಿ ನೋಡಿದರು.

"ಇದನ್ನ ಹೊಲೀತಿಯೋ, ಪೂಜಿ ಮಾಡ್ತಿಯೋ?"

"ಮೊದಲ ಪೂಜಿ ಮಾಡ್ತೇನ್ರಿ. ಆಮ್ಯಾಲ ಹೊಲೀತೇನಿ."

ಬಟ್ಟೆಯನ್ನು ಕೊಟ್ಟವರು ಅತ್ತೆ. ಮಾವನವರ ಹಳೆಯ ದೋತರ. ನೂರು ಸಲ ಒಗೆದು ಬೆಣ್ಣೆಯಂತಾಗಿತ್ತು. ಹಿರಿಯರು ಉಟ್ಟ ಬಟ್ಟೆ ಕೂಸಿನ ತಲೆಯ ಮೇಲೆ ಇದ್ದರೆ ಅವರ ಕೈ ಇದ್ದ ಹಾಗೆ. ಇದ್ದದ್ದು ಒಂದೇ ದೋತರ. ಕೈಮಗ್ಗದ್ದು, ಎಳೆ ಎಣಿಸಲು ಬರುವಂಥದ್ದು. ಮೆಂತ್ಯದ ಕಾಳಿನಷ್ಟು ಸಣ್ಣ ಅಡ್ಡಹೊಲಿಗೆ. ನಾವು ಅದನ್ನು ಮೆಂತಿ ಎನ್ನುತ್ತೇವೆ. ಎರಡು ಎಳೆ ಈ ಕಡೆ, ಎರಡು ಎಳೆ ಆ ಕಡೆ, ಒಂದು ಕಾಳು. ಹೀಗೆ ಮೂರು ದಿನದಲ್ಲಿ ಸಾವಿರಾರು ಕಾಳು ಬಿತ್ತಿ ಐದು ಕೆಂಪು ನವಿಲು ಬೆಳೆದೆ! ದಾರ ಒಮ್ಮೆಯೂ ಹರಿಯಲಿಲ್ಲ, ಒಮ್ಮೆಯೂ ಸಿಕ್ಕಾಗಲಿಲ್ಲ. ಸೂಜಿ ತಾನೇ ನಡೆಯಿತು. ನಾನು ಸುಮ್ಮನೆ ಜೊತೆಗೆ ಹೋದೆ. ಮುಗಿದಾಗ ನಮ್ಮತ್ತೆ ಕುಂಚಿಗೆಯನ್ನು ತಿರುವಿ ನೋಡಿದರು. ಒಂದು ಗಂಟಿಲ್ಲ. ಅವರು ನವಿಲುಗಳ ಮೇಲೆ ಮೆಲ್ಲಗೆ ಅಂಗೈ ಆಡಿಸಿದರು.

ಅಲ್ಲಿಗೇ ನಿಲ್ಲಬಾರದಿತ್ತೇ ನಾನು? ನಿಲ್ಲಲಿಲ್ಲ.

"ಗೌರಾ, ನೋಡು! ನಿನ್ನ ಕಣ್ಣ ಮುಂದ ಒಗದು ತೋರಸ್ತೇನಿ. ಒಂದು ಹನಿ ಬಣ್ಣ ಬಿಟ್ರ ನನ್ನ ಮೂಗು ಕೊಯ್ಯಿ!"

ಬುಧವಾರ ಬೆಳಿಗ್ಗೆ ಬೋಗುಣಿಯಲ್ಲಿ ನೀರು ತುಂಬಿ, ಬಟ್ಟೆ ಒಗೆಯುವ ಸವಳು ಮಣ್ಣು ಕದಡಿ, ಮಡಿಚಿಟ್ಟಿದ್ದ ಕುಂಚಿಗೆಯನ್ನು ಮಡಿಚಿದ ಹಾಗೆಯೇ ಮುಳುಗಿಸಿದೆ. ತಿಕ್ಕಿದೆ. ಎತ್ತಿದೆ. ಬಿಚ್ಚಿದೆ.

ಅಯ್ಯಯ್ಯೋ! ಮಾವನವರ ಬೆಳ್ಳಗಿನ ದೋತರದ ಮೇಲೆ, ಒಂದೊಂದು ನವಿಲಿನ ಪಕ್ಕದಲ್ಲೂ ಒಂದೊಂದು ಕೆಂಪು ಕಲೆ! ನವಿಲುಗಳು ಎಲೆಅಡಿಕೆ ಜಗಿದು ಅಲ್ಲಲ್ಲೇ ಉಗುಳಿದ ಹಾಗೆ!

ಗೌರಾಬಾಯಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೂಸನ್ನು ಎದೆಗೆ ಒತ್ತಿಕೊಂಡು, "ಇನ್ನ ನನಗ ಕೆಂಪು ಅಂತ ಹೆಸರಿಡ್ತಾರ," ಎಂದಳು, ಅಷ್ಟೇ.

ನನ್ನ ನೆತ್ತಿ ಹತ್ತಿ ಉರಿಯಿತು. ಹಸಿ ಕುಂಚಿಗೆಯನ್ನು ಧ್ವಜದಂತೆ ಹಿಡಿದು ಬೀದಿಗೆ ಇಳಿದೆ. ಹೌದು, ನಾನು! ಬಾಜಾರಿಗೆ ಕಾಲಿಡದ ಕಾರಕೂನರ ಹೆಂಡತಿ! "ಮೋಸಾ! ಬಿಲಾಯತಿ ಅಂತ ಹೇಳಿ ಕಚ್ಚಾ ದಾರ ಕೊಟ್ಟಾರ! ನೋಡ್ರಿ, ಎಲ್ಲಾರೂ ನೋಡ್ರಿ!" ಎಣ್ಣೆ ಅಂಗಡಿಯ ಮುಂದೆ ಇಬ್ಬರು ಜೊತೆಗೂಡಿದರು, ಮಗ್ಗದ ಓಣಿಯಲ್ಲಿ ಎಂಟು ಜನ. ಖುರ್ಷಿದಬೇಗಂ ಅವರ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಹಿಂದೆ ಒಂದು ಸಣ್ಣ ದಂಡೇ ಇತ್ತು.

ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

"ಪೆಟಗಿ ಸುಡ್ರಿ, ಖಾಲಾ!" ಎಂದು ಕೂಗಿದೆ.

ಅವರು ನನ್ನನ್ನು ನೋಡಿದರು, ದಂಡನ್ನು ನೋಡಿದರು. ಎದ್ದು ಹೋಗಿ, ಪೆಟ್ಟಿಗೆಯನ್ನು ತಂದು, ಮುಚ್ಚಳ ತೆಗೆದು ಒಲೆಯ ಬಾಯಿಗೆ ಇಟ್ಟರು. ಬಲಗಡೆಯ ಖಾನೆಯ ಕೆಂಪು, ನೀಲಿ, ಹಸಿರೆಲ್ಲ ಬೆಂಕಿಯ ಬೆಳಕಿಗೆ ಝಗ್ಗನೆ ಹೊಳೆದವು. ಆ ಪೆಟ್ಟಿಗೆ ಹೋದರೆ ನಾಳೆ ಆ ಒಲೆಯ ಮೇಲೆ ರೊಟ್ಟಿ ಎಲ್ಲಿಂದ ಬರಬೇಕು?

"ಮಾತಂದ್ರ ಮಾತು," ಎಂದರು ಅವರು. "ಸುಡತೇನಿ. ಅದರ ಮೊದಲ ಒಂದ್ ಸಲ ಬಟ್ಟಿ ನೋಡ್ಲಿ?"

ಕುಂಚಿಗೆಯನ್ನು ಬೆಳಕಿಗೆ ಹಿಡಿದರು. ಮೂಸಿದರು. ನವಿಲಿನ ರೆಕ್ಕೆಯನ್ನು ಉಗುರಿನಿಂದ ಗೀರಿದರು. ಆಮೇಲೆ ಕೇಳಿದರು, "ಬೇಟಿ, ದಾರ ಬಣ್ಣ ಬಿಟ್ರ ದಾರದ ಬುಡದಾಗ ಬಿಡಬೇಕಲ್ಲ? ಬುಡ ಬೆಳ್ಳಗದ. ಎರಡು ಬೆರಳು ದೂರ ಕೆಂಪದ. ಅದೂ ಉದ್ದಗ, ಗುಂಡಗ." ನನ್ನ ಬಲಗೈ ಎಳೆದುಕೊಂಡು, ಹೆಬ್ಬೆರಳನ್ನು ಆ ಕಲೆಯ ಮೇಲೆ ಇಟ್ಟರು.

ಅಚ್ಚು ಹೊಯ್ದ ಹಾಗೆ ಕೂತಿತು!

"ದಾರ ಹೆಬ್ಬಟ್ಟು ಒತ್ತತದೇನವ್ವಾ? ತಹಸೀಲ ಕಚೇರಿಗೆ ಹೋಗಿತ್ತೇನು?"

ದಂಡು ಗೊಳ್ಳೆಂದಿತು. ನನಗೆ ಆಗ ನೆನಪಾಯಿತು. ಮಂಗಳವಾರ ಸಂಜೆ, ಹೊಲಿದು ಮುಗಿಸಿದ ಮೇಲೆ, ಹೊಸ ಬಟ್ಟೆಗೆ ಹಚ್ಚಲೇಬೇಕಲ್ಲ ಎಂದು ಅರಿಶಿನ ಕಲಸಿ, ಸಂತೋಷಕ್ಕೆ ಒಂದೊಂದು ನವಿಲಿನ ಪಕ್ಕದಲ್ಲೂ ಹೆಬ್ಬೆರಳಿನಿಂದ ಒಂದೊಂದು ಬೊಟ್ಟು ಇಟ್ಟು ಮಡಿಚಿಟ್ಟವಳು ನಾನೇ! ಹುಟ್ಟಿದಾಗಿನಿಂದ ಮಾಡುತ್ತ ಬಂದ ಕೆಲಸ. ಉಸಿರಾಡಿದ್ದನ್ನು ಯಾರು ನೆನಪಿಡುತ್ತಾರೆ?

"ನಿಮ್ಮ ಮನ್ಯಾಗ ಆರತಿ ನೀರು ಕೆಂಪು ಹ್ಯಾಂಗ ಮಾಡ್ತೀರಿ?" ಖುರ್ಷಿದಬೇಗಂ ಶಾಲೆಯ ಪಂತೋಜಿಯಂತೆ ಕೇಳಿದರು.

"ಅರಿಶಿಣಕ್ಕ... ಸುಣ್ಣ ಹಾಕಿ..."

"ಸವಳಿಗೂ ಅದೇ ಗುಣ, ಬೇಟಿ. ನಿಮ್ಮ ಆರತಿ ನಾ ನಿಮಗ ಕಲಿಸಬೇಕಾತಲ್ಲ, ತೋಬಾ!"

ಒಂದು ನಿಂಬೆಹಣ್ಣು ಹೆಚ್ಚಿ ಕಲೆಯ ಮೇಲೆ ಹಿಂಡಿದರು. ನಾನು ನೋಡುತ್ತಿದ್ದೆ. ನಮ್ಮ ಕಣ್ಣೆದುರೇ, ಕೆಂಪು ಅಂಚಿನಿಂದ ಕರಗುತ್ತ ಕರಗುತ್ತ ಹಳದಿಯಾಗಿ ತಿರುಗಿತು! ಪಕ್ಕದ ನವಿಲು ಮಾತ್ರ ತನ್ನ ದಾಳಿಂಬೆ ಕೆಂಪನ್ನು ಕೂದಲೆಳೆಯಷ್ಟೂ ಬಿಟ್ಟುಕೊಡದೆ ಗತ್ತಿನಿಂದ ನಿಂತಿತ್ತು. ಗುಂಪಿನಲ್ಲಿ ಯಾರೋ "ಆಹಾ!" ಎಂದರು. ಆ ಯಾರೋ ನಾನೇ ಎಂದು ಆಮೇಲೆ ತಿಳಿಯಿತು.

"ಇದನ್ನ ನೀರಾಗ ಹಿಂಡಿ ಎರಡು ದಿನ ಬಿಸಲಿಗೆ ಹಾಕು. ಹಳದಿ ತಾನೇ ಹಾರಿ ಹೋಗ್ತದ."

"ತಪ್ಪಾತ್ರಿ, ಖಾಲಾ," ಎಂದೆ. ಇರುವೆಗೂ ಕೇಳಿಸದಷ್ಟು ಮೆಲ್ಲಗೆ.

ಅವರು ಪೆಟ್ಟಿಗೆಯನ್ನು ಒಲೆಯಿಂದ ಈಚೆಗೆ ಎಳೆದು ಸೆರಗಿನಿಂದ ಬೂದಿ ಒರೆಸಿದರು. "ನನಗ ಹೇಳಿ ಏನ್ ಮಾಡ್ತಿ? ಬರೂ ಮುಂದ ಯಾವ ಓಣ್ಯಾಗ ಬಂದ್ಯೋ, ಹೋಗೂ ಮುಂದ ಅದೇ ಓಣ್ಯಾಗ ಹೋಗು. ಬರೂ ಮುಂದ ಎಷ್ಟು ಧ್ವನಿ ಇತ್ತೋ, ಈಗೂ ಅಷ್ಟೇ ಇರ್ಲಿ."

ನ್ಯಾಯ! ಹೈಕೋರ್ಟಿನಲ್ಲೂ ಇಂಥ ತೀರ್ಪು ಹುಟ್ಟಲಾರದು. ಮಗ್ಗದ ಓಣಿಯಲ್ಲಿ ಕೂಗಿದೆ: "ದಾರ ಪಕ್ಕಾ ಅದ! ತಪ್ಪು ನಂದು!" ಎಣ್ಣೆ ಅಂಗಡಿಯ ಮುಂದೆ ಕೂಗಿದೆ. ಅಲ್ಲಿ ಒಬ್ಬ ಮುದುಕರಿಗೆ ಕಿವಿ ಮಂದ. "ಏನಂದ್ಯವ್ವಾ?" ಎಂದರು. ಅವರಿಗಾಗಿ ಮೂರು ಸಲ ಕೂಗಿದೆ. ಅಂದು ಸಂಜೆಯೊಳಗೆ ಖುರ್ಷಿದಬೇಗಂ ಅವರ ಬಲಗಡೆಯ ಖಾನೆ ಅರ್ಧ ಖಾಲಿಯಾಯಿತಂತೆ. "ಇನ್ನೊಂದು ಸಲ ಜಗಳ ಆಡಾಕ ಯಾವಾಗ ಬರ್ತೀಯಂತ ಕೇಳಾಕತ್ತಾರ," ಎಂದು ನಮ್ಮ ಮನೆಯವರು ಸುದ್ದಿ ತಂದರು.

ಬಿಸಿಲು ಮಾತು ಉಳಿಸಿಕೊಂಡಿತು. ಶುಕ್ರವಾರದ ಹೊತ್ತಿಗೆ ದೋತರ ಹಾಲಿನಂತೆ, ನವಿಲು ಬೆಂಕಿಯಂತೆ.

ಅತ್ತೆ, ಗೌರಾಬಾಯಿ, ನಾನು, ಎರಡು ಕೂಸು ಜೇವರ್ಗಿ ಮುಟ್ಟಿದೆವು. ಓಣಿಯ ಹೆಂಗಸರೆಲ್ಲ ನೆರೆದ ನಡುಮನೆಯಲ್ಲಿ ಹಣಮವ್ವ ಕುಂಚಿಗೆಯನ್ನು ಕೈಗೆತ್ತಿಕೊಂಡರು. ಗೌರಾಬಾಯಿಯ ಬೆರಳು ನನ್ನ ಮುಂಗೈಯಲ್ಲಿ ನಾಟಿತ್ತು. ಹಣಮವ್ವ ತಿರುವಿ ಹಾಕಿದರು. ಗಂಟು ಹುಡುಕಿದರು, ಸಿಗಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ನವಿಲಿನ ಎದೆಯನ್ನು ಗಸಗಸ ತಿಕ್ಕಿದರು. ಬೆರಳನ್ನು ಬೆಳಕಿಗೆ ಹಿಡಿದರು. ಬಣ್ಣ ಹತ್ತಿರಲಿಲ್ಲ. ಇನ್ನೊಂದು ನವಿಲು, ಇನ್ನೊಂದು ಸಲ. ಇಲ್ಲ!

ಹಣಮವ್ವನವರ ಬಾಯಿ ತಾನಾಗಿ ತೆರೆಯಿತು. "ಅಬ್ಬಾ... ಜೀವ ಅದ ಇದರಾಗ. ಯಾರು ಹಾಕ್ಯಾರ, ಗೌರಾ?"

ಗೌರಾ! ಹೆಸರು! ಗೌರಾಬಾಯಿಯ ಬೆರಳು ಸಡಿಲಾದವು. "ನಮ್ಮ ವೈನಿ ಹಾಕ್ಯಾರ್ರಿ," ಎಂದಳು. ಅವಳ ಧ್ವನಿ ತೊಲೆ ಮುಟ್ಟಿತು. ಇಪ್ಪತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನಾನು ಕತ್ತು ಒಂದಿಷ್ಟು ಉದ್ದ ಮಾಡಿಕೊಂಡು ಕೂತೆ. ನವಿಲು ಒಟ್ಟು ಆರಾದವು ಎಂದೇ ಅಂದುಕೊಳ್ಳಿ.

ಹಣಮವ್ವ ಕುಂಚಿಗೆಯನ್ನು ಕೂಸಿನ ತಲೆಯವರೆಗೆ ಒಯ್ದವರು ಸಟ್ಟನೆ ನಿಂತರು. ನಾಲ್ಕೂ ಮೂಲೆ ನೋಡಿದರು, ಒಳಗೆ ನೋಡಿದರು, ಹೊರಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇಡೀ ಓಣಿಗೆ ಕೇಳುವಂತೆ ಅಂದರು:

"ಎಲ್ಲಾ ಖರೇ ಅದವ್ವಾ. ಆದ್ರ ಹೊಸ ಬಟ್ಟಿಗೆ ಒಂದು ಬೊಟ್ಟು ಅರಿಶಿಣ ಹಚ್ಚಬೇಕನ್ನೂದು ನಿಮ್ಮ ಆಳಂದದಾಗ ಯಾರಿಗೂ ಗೊತ್ತಿಲ್ಲೇನು?"