ಗೋಧಿ ಸಭೆಯಲ್ಲಿ ಬಾಯಿಬಿಟ್ಟ ಗುಮಾಸ್ತ

ಮಗಳು ಹುಟ್ಟಿ ಅಂಬೆಗಾಲಿಡುವಷ್ಟಾದರೂ ಗುಮಾಸ್ತ ಅವಳನ್ನು ಒಮ್ಮೆಯೂ ಎತ್ತಿ ಆಡಿಸಿರಲಿಲ್ಲ. ಪರದೇಶದಲ್ಲಿ ನಡೆಯುತ್ತಿದ್ದ ಗೋಧಿ ಸಭೆಗೆ ತನ್ನ ದೇಶದ ಅಧಿಕಾರಿಯ ಚೀಲ ಹೊತ್ತು ಬಂದವನು ಅಲ್ಲೇ ಬೇರುಬಿಟ್ಟಿದ್ದ. ಸಂಸಾರ ಕರೆತರುವ ಭಾಗ್ಯ ಗುಮಾಸ್ತರಿಗಿಲ್ಲ. ಸಭೆಯ ಮುಂದಿದ್ದದ್ದು ಒಂದೇ ಮಾತು: ಯಾವ ದೇಶವೂ ಮಿಕ್ಕವರಿಗೆ ಮುಂಚೆ ತಿಳಿಸದೆ ಗೋಧಿ ರಫ್ತು ನಿಲ್ಲಿಸಬಾರದು. ಅಷ್ಟನ್ನೇ ವರ್ಷಗಟ್ಟಲೆ ಜಗಿಯುತ್ತಿದ್ದರು. ಆ ಬೆಳಿಗ್ಗೆ ಅವನು ಮತ್ತೆ ರಜೆ ಕೇಳಿದ. ಅಧಿಕಾರಿ ತಲೆಯೆತ್ತದೆಯೇ ಆಗುವುದಿಲ್ಲ ಎಂದರು.

ಕಚೇರಿಯ ಡ್ರೈವರಿಗೆ ಎಲ್ಲರ ಉಸಾಬರಿಯೂ ಬೇಕು. ಕಾರು ಒರೆಸುತ್ತಲೇ ಉಪಾಯ ಕೊಟ್ಟ.

“ನೀವು ಗುಣವಂತರು ಅಂತಾನೇ ನಿಮ್ಮನ್ನ ಬಿಡ್ತಿಲ್ಲ ಸ್ವಾಮಿ. ನಿಮಗಿಂತ ಮುಂಚೆ ಇದ್ದೋನು ಸಭೇಲಿ ಬಾಯಿ ಹಾಕಿದ. ಮಾರನೇ ದಿನಾನೇ ಊರಿಗೆ ವಿಮಾನ ಹತ್ತಿಸಿದ್ರು.”

ಮಧ್ಯಾಹ್ನ ಅಧಿಕಾರಿಗೆ ಯಾರೋ ದೊಡ್ಡವರ ಜೊತೆ ಊಟವಿತ್ತು. ದೇಶದ ಕುರ್ಚಿ ಖಾಲಿ ಬಿಡುವಂತಿಲ್ಲವೆಂದು ಗುಮಾಸ್ತನನ್ನು ಅದರಲ್ಲಿ ಕೂರಿಸಿ, ಉಸಿರಾಡಿದರೆ ಸಾಕು, ಬೇರೇನೂ ಮಾಡಬೇಡ ಎಂದು ಹೇಳಿ ಹೋದರು.

ಮಾತಾಡಬೇಕೆಂದವರು ಮುಂದಿರುವ ದೇಶದ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಗುಮಾಸ್ತ ನಿಲ್ಲಿಸಿಯೇ ಬಿಟ್ಟ. ಅಧ್ಯಕ್ಷರು ತಲೆಯಾಡಿಸಿದರು. ಏನಾದರೂ ಒದರಿ ಕೂರೋಣವೆಂದುಕೊಂಡಿದ್ದವನಿಗೆ ಬಾಯಿ ತೆರೆದದ್ದೇ ತಡ, ಇಷ್ಟು ದಿನ ನುಂಗಿಕೊಂಡ ಸಿಟ್ಟೆಲ್ಲ ಉಕ್ಕಿತು.

“ಹೋದ ವರ್ಷ ನಮ್ಮವರು ರಾತ್ರೋರಾತ್ರಿ ಗೋಧಿ ನಿಲ್ಸಿದ್ರು. ಪಕ್ಕದ ದೇಶದಲ್ಲಿ ಜನ ಬ್ರೆಡ್ಡಿಗೆ ಕ್ಯೂ ನಿಂತ್ರು. ಅದು ತಪ್ಪು. ನೀವೂ ಅದನ್ನೇ ಮಾಡಿ, ಇಲ್ಲಿ ಬಂದು ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದೀರಿ. ಒಂದು ಮಾತು ಹೇಳಿ ನಿಲ್ಸೋಕೆ ನಮಗೆಲ್ಲ ಏನು ರೋಗ?”

ಅನುವಾದ ಮಾಡುವಾಕೆ ಒಂದು ಕ್ಷಣ ತಡವರಿಸಿ, ಒಂದಕ್ಷರ ಬಿಡದೆ ಹೇಳಿದಳು. ಗುಮಾಸ್ತ ಮನಸ್ಸಿನಲ್ಲೇ ಬಟ್ಟೆ ಮಡಚತೊಡಗಿದ.

ಆಗ ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಂದು ದೇಶದ ಮುದುಕಿ ತನ್ನ ಫಲಕ ನಿಲ್ಲಿಸಿ, ನಾವೂ ಹಾಗೇ ಮಾಡಿದ್ದುಂಟು ಎಂದು ಒಪ್ಪಿಕೊಂಡಳು. ಅವಳ ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಸಂಜೆಯ ಹೊತ್ತಿಗೆ ಒಪ್ಪಂದಕ್ಕೆ ಎಲ್ಲರ ಒಪ್ಪಿಗೆ ಸಿಕ್ಕಿತು.

ಸುದ್ದಿ ತಿಳಿದು ಅಧಿಕಾರಿ ಏದುಸಿರು ಬಿಡುತ್ತ ಓಡಿಬಂದರು. ಗುಮಾಸ್ತ ಎದೆಯುಬ್ಬಿಸಿ ನಿಂತ.

“ಮಾತಾಡಿದ್ದು ನಾನೇ ಸಾರ್. ತಪ್ಪಾಯ್ತು ಅನ್ನಲ್ಲ. ಊರಿಗೆ ಕಳಿಸಿಬಿಡಿ.”

ಅಧಿಕಾರಿ ಅವನನ್ನು ಬಾಚಿ ತಬ್ಬಿಕೊಂಡರು. “ಕಳಿಸೋದಾ? ಮಂತ್ರಿಗಳೇ ಫೋನ್ ಮಾಡಿದ್ರು ಕಣಯ್ಯ. ಒಪ್ಪಂದ ನೋಡ್ಕೊಳ್ಳೋಕೆ ಎಲ್ಲ ದೇಶದವರೂ ನಿನ್ನನ್ನೇ ಕೇಳ್ತಿದಾರೆ. ಇನ್ನು ಮೂರು ವರ್ಷ ನೀನು ಇಲ್ಲಿಂದ ಕದಲೋ ಹಾಗಿಲ್ಲ.”

ಗುಮಾಸ್ತನಿಗೆ ಅಳು ಬಂತು. ಜನ ಆನಂದಬಾಷ್ಪವೆಂದು ಚಪ್ಪಾಳೆ ತಟ್ಟಿದರು. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದರೆ ಅವಳು ಹಿಗ್ಗಿಹೋಗಿದ್ದಳು.

“ನಿಮ್ಮನ್ನ ಟೀವೀಲಿ ತೋರಿಸಿದ್ರು ಕಣ್ರೀ. ಮಗು ಟೀವಿ ತಬ್ಕೊಂಡು ಮೊದಲನೇ ಸಲ ಅಪ್ಪ ಅಂತು.”

ಗುಮಾಸ್ತ ಕಣ್ಣೊರೆಸಿಕೊಂಡು ಹಲ್ಲು ಕಚ್ಚಿದ.

“ನಾಳೆ ಸಕ್ಕರೆ ಸಭೆ ಇದೆ ಕಣೇ. ಅಲ್ಲಿ ಇದಕ್ಕಿಂತ ಕೆಟ್ಟದಾಗಿ ಮಾತಾಡ್ತೀನಿ, ನೋಡ್ತಿರು.”