ಕಾಕಾ ಮತ್ತು ಗಾಲಿಯ ಆರು ನಟ್ಟು

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಮನುಷ್ಯರನ್ನು ಒಂದೇ ನೋಟಕ್ಕೆ ನಂಬಿಬಿಡುತ್ತಾರೆ. ಸೈಕಲ್ ಮೇಲೆ ಬಂದು ಅಸಲಿ ಕೇಸರಿ ಎಂದು ಕೂಗಿದವನನ್ನೂ ನಂಬಿದ್ದಾರೆ, ಆ ಕೇಸರಿ ಹಾಕಿ ಮಾಡಿದ ಶಿರಾವನ್ನು ನಮಗೆಲ್ಲ ತಿನ್ನಿಸಿದ್ದಾರೆ. ಆದರೆ ಗಾಲಿಯ ನಟ್ಟನ್ನು ಮಾತ್ರ ಇವತ್ತಿನವರೆಗೂ ನಂಬಿಲ್ಲ! ಅವರ ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಶೇಡಬಾಳದಿಂದ ನಿಪ್ಪಾಣಿಯವರೆಗೆ ಯಾವ ಚಹಾದಂಗಡಿಯಲ್ಲಿ ವಿಚಾರಿಸಿದರೂ, "ಪಿಕಪ್ ನಿಲ್ಲಿಸಿ ಗಾಲಿ ಮುಂದ ಕುಂದರ್ತಾರಲ್ಲ, ಅವರೇನ್ರಿ?" ಎಂದು ಕೇಳುತ್ತಾರೆ. ಬರಿಗಾಲಲ್ಲಿ ವಿಹಾರ ಹೊರಟ ನಮ್ಮ ಜೈನ ಮುನಿಗಳು ಒಮ್ಮೆ ಕಾಕಾನ ಪಿಕಪ್‌ಗಿಂತ ಮೊದಲು ಚಿಕ್ಕೋಡಿ ಮುಟ್ಟಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಕಾಕಾ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದಾರೆ.

ಗಾಲಿ ಕೂಡಿಸುವುದು ಅವರಿಗೆ ಮಡಿಯ ಕೆಲಸ. ಮೊದಲು ಗಾಲಿ ಕೂರುವ ಜಾಗದ ಮಣ್ಣು, ತುಕ್ಕು ಒರೆಸಬೇಕು. ಆರೂ ನಟ್ಟನ್ನು ಬೆರಳಿನಿಂದಲೇ ತಿರುಗಿಸಿ ಹತ್ತಿಸಬೇಕು, ಪಾನಾ, ಅಂದರೆ ಸ್ಪ್ಯಾನರ್, ಮುಟ್ಟುವಂತಿಲ್ಲ. ಆಮೇಲೆ ಒಂದು ನಟ್ಟು, ಬಳಿಕ ಅದರ ಎದುರಿನದು, ಹೀಗೆ ಎದುರು ಬದರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಜಾಕ್ ಇಳಿಸಿ ಗಾಲಿ ನೆಲ ಮುಟ್ಟಿದ ಮೇಲೆ ಕೊನೆಯ ಬಿಗಿ. ಅದಕ್ಕಾಗಿ ಮಿರಜಿನಿಂದ ತಂದ ಟಾರ್ಕ್ ಪಾನಾ ಒಂದಿದೆ. ಬೇಕಾದಷ್ಟು ಬಿಗಿಯಾದಾಗ ಟಕ್ ಎನ್ನುತ್ತದೆ. ಅದು ಬಿಳಿ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಕಪಾಟಿನ ಲಾಕರಿನಲ್ಲಿ ಮಲಗಿರುತ್ತದೆ. ಅವರ ಹೆಂಡತಿ, ನಮ್ಮ ಕಾಕುವಿನ ಚಿನ್ನದ ಪಾಟಲಿ ಬಳೆಗಳು ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಇರುತ್ತವೆ. "ಕಳ್ಳ ಬಂದ್ರ ಏನ ಮಾಡ್ತೀರಿ?" ಎಂದು ಕಾಕು ಕೇಳಿದರೆ, "ಪಾನಾ ಭದ್ರ ಐತಿ, ಅಂಜಬ್ಯಾಡ" ಎನ್ನುತ್ತಾರೆ.

ಇಷ್ಟಕ್ಕೇ ಮುಗಿಯಿತೇ? ಐವತ್ತು ಕಿಲೋಮೀಟರ್ ಓಡಿದ ಮೇಲೆ ಗಾಡಿ ನಿಲ್ಲಿಸಿ ಆರೂ ನಟ್ಟನ್ನು ಮತ್ತೆ ನೋಡಬೇಕು. ಮಳೆ ಬರಲಿ, ಬೀಗರು ಕಾಯಲಿ. ಒಮ್ಮೆ ಭೋಜದಲ್ಲಿ ಟಯರ್ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಕೊಂಡು ಹೊರಟೆವು. ನಮ್ಮದು ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ. ಕಾಕು ರೊಟ್ಟಿ ತಟ್ಟಿ, ಬದನೆಕಾಯಿ ಎಣಗಾಯಿ ಮುಚ್ಚಿಟ್ಟು ಕಾಯುತ್ತಿದ್ದರು. ಮನೆ ಇನ್ನು ಹತ್ತು ನಿಮಿಷದ ದಾರಿ, ಹೊತ್ತು ಕಬ್ಬಿನ ತುದಿಗೆ ಇಳಿದಿತ್ತು. ಅಷ್ಟರಲ್ಲಿ ಐವತ್ತು ತುಂಬಿತು, ಕಾಕಾ ಬ್ರೇಕ್ ಹಾಕಿದರು.

"ಕಾಕಾ, ಹೊತ್ತ ಮುಳಗಾಕತ್ತೈತಿ. ಮನ್ಯಾಗ ಹೋಗಿ ನೋಡ್ರಿ" ಎಂದೆ.

"ಹೊತ್ತು ನಾಳೆ ಮತ್ತ ಬರ್ತದವಾ. ಹಾರಿ ಹೋದ ಗಾಲಿ ಬರೂದಿಲ್ಲ" ಎಂದು ಇಳಿದರು.

ಆ ದಿನ ಇಬ್ಬರೂ ನೀರನ್ನೂ ಕುಡಿಯದೆ ಮಲಗಿದೆವು. ಎಣಗಾಯಿಯನ್ನು ಮರುದಿನ ಎಮ್ಮೆ ತಿಂದಿತು, ನನ್ನ ಕಡೆ ನೋಡುತ್ತಲೇ ತಿಂದಿತು ಎಂದು ನನಗೆ ಅನಿಸುತ್ತದೆ.

ಚಿಕ್ಕೋಡಿ ರಸ್ತೆಯ ಪಂಕ್ಚರ್ ಅಂಗಡಿಯವನೊಬ್ಬ ಪಾನಾದ ಹಿಡಿಯ ಮೇಲೆ ನಿಂತು ಕುಣಿಕುಣಿದು ನಟ್ಟು ಬಿಗಿಯುತ್ತಿದ್ದ. ಕಾಕಾ ಅವನ ರಟ್ಟೆ ಹಿಡಿದು ಇಳಿಸಿದರು. "ತಮ್ಮಾ, ಭಾಳ ಬಿಗಿ ಮಾಡಿದ್ರೂ ಮುರೀತೈತಿ, ಸಡ್ಲ ಬಿಟ್ರೂ ಹೋಗ್ತೈತಿ. ಸಂಸಾರ ಮಾಡಿಯಿಲ್ಲೋ?" ಅಂದಿನಿಂದ ಕಾಕಾನ ಗಾಡಿ ಕಂಡರೆ ಅವನು ಪಾನಾ ಅವರ ಕೈಗೆ ಕೊಟ್ಟು, "ನಿಮ್ದು ಮುಗದ ಮ್ಯಾಲ ಒದರ್ರಿ ಮಾಲಕರ" ಎಂದು ಚಹಾಕ್ಕೆ ಹೋಗುತ್ತಾನೆ. ಎದುರು ಬದರಿನ ಈ ಹುಚ್ಚು ಊಟದ ಪಂಕ್ತಿಗೂ ಬಂದಿತು. ನನ್ನ ತಮ್ಮನ ಮದುವೆಯಲ್ಲಿ ಹೋಳಿಗೆ ಬಡಿಸಲು ನಿಂತ ಕಾಕಾ ಈ ಸಾಲಿನ ಮೊದಲ ಎಲೆಗೆ ಒಂದು, ಎದುರು ಸಾಲಿನ ಕೊನೆಯ ಎಲೆಗೆ ಒಂದು ಹಾಕುತ್ತ ಓಡಾಡಿದರು. ನಡುವೆ ಕುಳಿತ ಕಾಗವಾಡದ ಬೀಗರು ತಮ್ಮ ಮೇಲೆ ಏನೋ ಸಿಟ್ಟಿದೆ ಎಂದು ತಿಳಿದು ಅನ್ನ ಬರುವ ಮೊದಲೇ ಕೈತೊಳೆದು ಎದ್ದರು.

ಇಷ್ಟೆಲ್ಲ ನಕ್ಕರೂ ನನಗೆ ಆ ಪಿಕಪ್ಪಿನ ಚಾವಿ ಬೇಕಾಗಿತ್ತು. ನಾನು ಊರಿನಲ್ಲಿ ಸಸಿಗಳ ನರ್ಸರಿ ನಡೆಸುತ್ತೇನೆ. ಬದನೆ, ಮೆಣಸಿನ ಸಸಿಯನ್ನು ಹೇಳಿದ ದಿನ ಮುಟ್ಟಿಸದಿದ್ದರೆ ರೈತರು ಬೇರೆ ಕಡೆ ಹೋಗುತ್ತಾರೆ. ಕಾಕಾನ ಮೊಣಕಾಲು ಕೈಕೊಟ್ಟಿತ್ತು, ಕುಕ್ಕರಗಾಲಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದರು. ನನ್ನ ಬಳಿ ಲೈಸೆನ್ಸ್ ಇತ್ತು. ಕೇಳಿದರೆ ಕಾಕಾ, "ಲೈಸನ್ಸ್ ಸರಕಾರ ಕೊಡ್ತೈತಿ. ಚಾವಿ ನಾ ಕೊಡಾಂವ. ಮೊದಲ ಗಾಲಿ ಕೂಡ್ಸಿ ತೋರ್ಸು" ಎಂದರು. ಚಾವಿ ಸಿಗದಿದ್ದರೆ ನನ್ನ ನರ್ಸರಿಗೆ ಬೀಗವೇ ಗತಿ.

ಮೊದಲ ಸಲ ಅವಸರದಲ್ಲಿ ಸಾಲಾಗಿ ಬಿಗಿದೆ. ಕಾಕಾ ಸ್ಟೂಲಿನ ಮೇಲೆ ಕುಳಿತು, "ಬಿಚ್ಚು" ಎಂದರು. ಎರಡನೆಯ ಸಲ ನನ್ನ ಬುದ್ಧಿ ಜಾಸ್ತಿಯಾಯಿತು. ತುಕ್ಕು ಹಿಡಿಯಬಾರದೆಂದು ಬೋಲ್ಟಿಗೆಲ್ಲ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿದೆ. ಕಾಕಾ ಬೋಲ್ಟಿಗೆ ಬೆರಳು ತಾಗಿಸಿ ಮೂಸಿ ನೋಡಿದರು.

"ಏನ ಬೇ ಇದು, ಜಡಿ ಹಾಕಾಕಿದ್ದೇನು? ಎಣ್ಣಿ ಹಚ್ಚಿದ್ರ ಪಾನಾ ಸುಳ್ಳ ಹೇಳ್ತೈತಿ. ಬಿಗಿ ಬ್ಯಾಡಾದಷ್ಟ ಆಗಿ ಬೋಲ್ಟ್ ಮುರೀತೈತಿ. ಒರಸು."

ಆರು ಬೋಲ್ಟು ಒರೆಸುವಷ್ಟರಲ್ಲಿ ನನ್ನ ಹಳೆಯ ಸೀರೆಯೊಂದು ಹೋಯಿತು. ಆ ತಿಂಗಳು ದಿನಾ ಸಂಜೆ ಬಿಚ್ಚಿ ಹಾಕಿದೆ, ಹಾಕಿ ಬಿಚ್ಚಿದೆ. ಓಣಿಯ ಹೆಂಗಸರು ನೋಡಿ ನಕ್ಕರು. ನಗುವುದೇ ಸರಿ, ನಾನೂ ಆ ಜಾಗದಲ್ಲಿದ್ದರೆ ನಗುತ್ತಿದ್ದೆ.

ಒಂದು ಮುಂಜಾನೆ ಐಗಳಿಯ ಗೌಡರಿಗೆ ಮೆಣಸಿನ ಸಸಿ ಒಯ್ಯಬೇಕಿತ್ತು. ನೋಡಿದರೆ ಹಿಂದಿನ ಗಾಲಿ ನೆಲಕ್ಕೆ ಕೂತಿದೆ. ಕಾಕಾ ಸ್ಟೂಲು ಎಳೆದುಕೊಂಡು ಕುಳಿತರು. ನಾನೇ ಜಾಕ್ ಏರಿಸಿ, ಒರೆಸಿ, ಬೆರಳಿನಿಂದ ಹತ್ತಿಸಿ, ಎದುರು ಬದರು ಬಿಗಿದು, ಜಾಕ್ ಇಳಿಸಿ ಟಾರ್ಕ್ ಪಾನಾ ಹಿಡಿದೆ. ಆರು ಸಲ ಟಕ್ ಎಂದಿತು. ಕಾಕಾ ಎದ್ದರು, ಒಂದು ನಟ್ಟನ್ನೂ ಮುಟ್ಟಲಿಲ್ಲ. ಅಂಗಿಯ ಕಿಸೆಯಿಂದ ಚಾವಿ ತೆಗೆದು ನನ್ನ ಕೈಗಿಟ್ಟರು. "ನಡಿ, ಸಸಿ ಬಾಡ್ತಾವ" ಎಂದು ಹೋಗಿ ಎಡಗಡೆ ಸೀಟಿನಲ್ಲಿ ಕುಳಿತರು.

ದಾರಿಯುದ್ದಕ್ಕೂ ಗೇರು, ಬ್ರೇಕು, ಎದುರಿನ ಕಬ್ಬಿನ ಟ್ರ್ಯಾಕ್ಟರು ಎಂದು ಉಪದೇಶ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಅಥಣಿ ದಾಟಿ ಐವತ್ತು ತುಂಬಿದಾಗ ನಾನಾಗಿಯೇ ಗಾಡಿ ನಿಲ್ಲಿಸಿದೆ. ಇಳಿದು ಆರೂ ನಟ್ಟು ನೋಡಿ ಬಂದೆ, ಎಲ್ಲ ಸರಿಯಾಗಿದ್ದವು. ಹೇಳೋಣವೆಂದು ಬಾಗಿಲು ತೆಗೆದರೆ ಕಾಕಾನ ತಲೆ ಕಿಟಕಿಗೆ ಒರಗಿದೆ, ಬಾಯಿ ಅರ್ಧ ತೆರೆದಿದೆ. ಉಸಿರು ನೋಡಿದೆ, ಗೊರಕೆ ಹೊಡೆಯುತ್ತಿದ್ದರು. ಆದರೂ ಸಮಾಧಾನವಾಗದೆ ದೂರ ಹೋಗಿ ಕಾಕುಗೆ ಫೋನ್ ಮಾಡಿದೆ.

"ಕಾಕು, ಕಾಕಾ ಮಲಗ್ಯಾರ. ಆರಾಮ ಇಲ್ಲೇನ್ರಿ ಅವರಿಗೆ? ಎಬ್ಬಸ್ಲೇನು?"

ಕಾಕು ಹೇಳಿದರು: "ಎಬ್ಬಸಬ್ಯಾಡವಾ. ಲಗ್ನಾಗಿ ನಲವತ್ತು ವರ್ಷ ಆತು. ಮಂದಿ ಹೊಡಿಯೋ ಗಾಡಿಯಾಗ ಅವರು ಕಣ್ಣ ಮುಚ್ಚಿದ್ದು ನಾ ಒಮ್ಮಿನೂ ನೋಡಿಲ್ಲ."

ನಾನು ರಸ್ತೆ ಬದಿಯಲ್ಲೇ ಅತ್ತುಬಿಟ್ಟೆ. ಕಣ್ಣು ಒರೆಸಿಕೊಂಡು ಗಾಡಿ ಏರಿದೆ. ಒಂದೊಂದು ತಗ್ಗನ್ನೂ ನೋಡಿ ನೋಡಿ ನಿಧಾನ ನಡೆಸಿದೆ. ಹಿಂದಿನಿಂದ ಹಾರ್ನ್ ಹೊಡೆದವರೆಲ್ಲ ಬೈದು ಮುಂದೆ ಹೋದರು.

ಐಗಳಿ ಮುಟ್ಟಿದಾಗ ಹೇಳಿದ ಹೊತ್ತು ಮೀರಿತ್ತು. ಗೌಡರು ಹೊಲದ ಬದುವಿನಿಂದಲೇ, "ಎಷ್ಟ ಹೊತ್ತವಾ, ಆಳು ಕಾಯಾಕತ್ತಾರ" ಎನ್ನುತ್ತ ಬಂದರು. ನಾನು ತುಟಿಯ ಮೇಲೆ ಬೆರಳಿಟ್ಟು ಎಡಗಡೆ ಸೀಟು ತೋರಿಸಿದೆ. ಗೌಡರು ಇಣುಕಿ ನೋಡಿ, ಕಾಲಿನ ಚಪ್ಪಲಿ ಬಿಟ್ಟರು. ಆಳುಗಳಿಗೆ ಕೈಸನ್ನೆ ಮಾಡಿದರು. ಅಷ್ಟೂ ಟ್ರೇಗಳನ್ನು ಅವರು ಒಂದು ಮಾತಿಲ್ಲದೆ, ಒಂದು ಸದ್ದಿಲ್ಲದೆ ಇಳಿಸಿಕೊಂಡರು.