ದಡಿಯನ್ನು ಮೊದಲಿನಂತೆ ಮಾಡಲು ಹೋಗಿ

ನನ್ನ ಹೆಂಡತಿ ಗಿರಿಜಾ ಬೆಟಗೇರಿಯಲ್ಲಿ ನಾಲ್ಕು ಮಗ್ಗ ನಡೆಸುತ್ತಾಳೆ. ನಾನು ಗದಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಇಂಥ ಮನೆಯಲ್ಲಿ ಸೀರೆಯ ವಿವರ ಬಾಯಿಮಾತಿನಲ್ಲಿ ಹೋಗುವುದೆಂದರೆ ನನ್ನ ವಿದ್ಯೆಗೇ ಅವಮಾನ! ಪೈಥಾನಿನಲ್ಲಿ ಪ್ರೋಗ್ರಾಮ್ ಬರೆದು, ನೇಕಾರ ಮಾಬುಸಾಬರಿಗೆ ಸೀರೆಗೊಂದು ಅಚ್ಚಾದ ಚೀಟಿ ಕೊಡತೊಡಗಿದೆ.

ಅದರೊಳಗೊಂದು ಸಿದ್ಧ ಲೈಬ್ರರಿ, ಎಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಮುಗಳ ಕಟ್ಟು. ಸೀರೆಯಂಚಿನ ದಡಿಯ ಬಣ್ಣ, ದಡಿಯ ಅಗಲ, ಸೆರಗಿನ ಬಣ್ಣ, ಒಂದೊಂದಕ್ಕೂ ಒಂದು ಆಯ್ಕೆ. ಬೇಕಾದಂತೆ ಬದಲಿಸಬಹುದು, ಬೇಡವಾದರೆ ಒಂದೇ ಆಜ್ಞೆಗೆ ಎಲ್ಲವೂ ಮೊದಲಿನಂತೆ. ದಡಿಯ ಮೊದಲಿನ ಬಣ್ಣ ಕೆಂಪು.

ಮುಂಡರಗಿಯ ಮದುಮಗಳಿಗೆ ಹಸಿರು ದಡಿ ಬೇಕಿತ್ತು. ಹಸಿರು ಹಾಕಿದೆ. ಅಗಲ ತಪ್ಪಾಗಿ ಹಾಕಿದ್ದೆ, ಅದನ್ನಷ್ಟೇ ಮೊದಲಿನಂತೆ ಮಾಡಬೇಕಿತ್ತು. ಆಯ್ಕೆಯ ಪೂರ್ತಿ ಹೆಸರು ಬರೆಯಲು ಸೋಮಾರಿತನ. ಬರೀ 'ದಡಿ' ಎಂದು ಕೊಟ್ಟೆ. ವಿಧೇಯ ಲೈಬ್ರರಿ, ಹೆಸರಿನಲ್ಲಿ ದಡಿ ಇದ್ದುದನ್ನೆಲ್ಲ ಮೊದಲಿನಂತೆ ಮಾಡಿತು! ನಾನು ನೋಡದೆಯೇ ಚೀಟಿ ಕಳಿಸಿದೆ.

ಗೊತ್ತಾದದ್ದು ಹನ್ನೆರಡು ದಿನದ ಮೇಲೆ, ಅದೇ ಪ್ರೋಗ್ರಾಮನ್ನು ತರಗತಿಯಲ್ಲಿ ಜಂಬದಿಂದ ತೋರಿಸುವಾಗ. ಪರದೆಯ ಮೇಲೆ ಮುಂಡರಗಿಯ ಸೀರೆಯ ಚೀಟಿ, ಅದರಲ್ಲಿ 'ದಡಿಯ ಬಣ್ಣ: ಕೆಂಪು'. ಮುಂಡರಗಿಯವರು ಸೀರೆ ಒಯ್ಯಲು ಬರುವುದು ಅದೇ ಮಧ್ಯಾಹ್ನ, ಮದುವೆ ನಾಡಿದ್ದು. ಮಾತು ತಪ್ಪಿದರೆ ಆ ಊರಿನಲ್ಲಿ ಮತ್ತೆ ಮುಖ ತೋರಿಸಲಾರೆ ಎಂದಿದ್ದಳು ಗಿರಿಜಾ.

ಫೋನ್ ಮಾಡಿದೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಪಾಠ ಅರ್ಧಕ್ಕೆ ಬಿಟ್ಟು ಆಟೋ ಹತ್ತಿದೆ. ದಾರಿಯುದ್ದಕ್ಕೂ 'ಸದರಿ ದಡಿಯ ವಿಷಯದಲ್ಲಿ ನನ್ನಿಂದಾದ ಪ್ರಮಾದವನ್ನು...' ಎಂದು ಕ್ಷಮಾಪಣೆ ಬಾಯಿಪಾಠ ಮಾಡಿಕೊಂಡೆ.

ಒಳಗೆ ಹೋದರೆ ಗಿರಿಜಾ ಸೀರೆ ಮಡಚುತ್ತಿದ್ದಳು. ದಡಿ ಹಸಿರು!

ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಚೀಟಿಯಲ್ಲಿ ಕೆಂಪು ಎಂದಿದ್ದರೂ ಹಸಿರು ಹೇಗೆ ನೇಯ್ದಿರಿ ಎಂದು ಮಾಬುಸಾಬರನ್ನು ಕೇಳಿದೆ. ಅವರು ಮಗ್ಗದ ಕಂಬಕ್ಕೆ ಗಂಟು ಹಾಕಿದ್ದ ಹಸಿರು ದಾರದ ತುಂಡನ್ನು ತೋರಿಸಿದರು.

"ಅಕ್ಕಾರು ಕಟ್ಟಿದ ದಾರ ನೋಡಿ ನೇಯ್ತೀನ್ರಿ ಸರ. ಮೊದ್ಲಿಂದ್ಲೂ ಹಂಗ."

"ಮತ್ತ ನನ್ನ ಚೀಟಿ?"

ಅವರು ಸಂಕೋಚದಿಂದ ಗಿರಿಜಾಳ ಮುಖ ನೋಡಿದರು.

"ಹೇಳಿಬಿಡ್ರಿ, ಎಂದಿದ್ರೂ ಗೊತ್ತಾಗೋದ ಐತಿ," ಎಂದಳು.

"ಗಿರ್ಮಿಟ್ ಹಾಕ್ಕೊಂಡು ತಿನ್ನಾಕ ಭಾಳ ಚಲೋ ಅದಾವ್ರಿ. ಕಾಗದ ದಪ್ಪ ಐತಿ, ಎಣ್ಣಿ ಸೋರಂಗಿಲ್ಲ."

ಆರು ತಿಂಗಳ ನನ್ನ ಸಂಶೋಧನೆ! ಹೆಂಡತಿಯ ಮಾತು ಉಳಿದದ್ದಕ್ಕೆ ಜೀವ ಬಂದಂತಾಗಿತ್ತು, ನನ್ನ ಮಾನ ಹೋದದ್ದಕ್ಕೆ ಅಳು ಬಂದಿತ್ತು.

ಈಗಲೂ ಸೀರೆಗೊಂದು ಚೀಟಿ ಅಚ್ಚು ಹಾಕುತ್ತೇನೆ. ಹೊಸದಾಗಿ ಒಂದೇ ಒಂದು ಆಯ್ಕೆ ಸೇರಿಸಿದ್ದೇನೆ: ಕಾಗದದ ದಪ್ಪ. ಅದನ್ನು ಮಾತ್ರ ಯಾವತ್ತೂ ರೀಸೆಟ್ ಮಾಡುವುದಿಲ್ಲ.